ಕಂಕುಳಿನ ಗ್ರಂಥಿ ತೆಗೆದ ಮೇಲೆ ಆ ಕೈಯನ್ನು ನೋಡಿಕೊಳ್ಳುವ ಬಗೆ

ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ಮನೆಗೆ ಬಂದವರಲ್ಲಿ ಎಷ್ಟೋ ಮಂದಿ ಆಪರೇಷನ್ ಆದ ಬದಿಯ ಕೈಯನ್ನು ಮೈಗೆ ಅಂಟಿಸಿಕೊಂಡೇ ಓಡಾಡುತ್ತಾರೆ. ‘ಭಾರ ಎತ್ತಬೇಡಿ, ಕೈ ಜಾಸ್ತಿ ಆಡಿಸಬೇಡಿ’ ಎಂಬ ಹಳೆಯ ಸಲಹೆ ಇನ್ನೂ ಬಾಯಿಂದ ಬಾಯಿಗೆ ದಾಟುತ್ತಲೇ ಇದೆ. ಅದನ್ನು ಪಾಲಿಸಿದರೆ ಭುಜ ಬಿಗಿದುಕೊಳ್ಳುತ್ತದೆ, ತೋಳು ಸೊರಗುತ್ತದೆ. ತಲೆ ಬಾಚಲು, ಮೇಲಿನ ಕಪಾಟಿನ ಡಬ್ಬಿ ತೆಗೆಯಲು ಇನ್ನೊಬ್ಬರನ್ನು ಕರೆಯುವ ಹಾಗಾಗುತ್ತದೆ. ಆ ಕೈಗೆ ದಿನವೂ ಕೆಲಸ ಬೇಕು, ಜೊತೆಗೆ ಅದರ ಮೇಲೆ ಒಂದು ಕಣ್ಣಿರಬೇಕು.

ತೋಳಿನ ದುಗ್ಧರಸ, ಅಂದರೆ ಅಂಗಾಂಶಗಳಿಂದ ಹರಿದು ಬರುವ ತಿಳಿ ದ್ರವ, ಕಂಕುಳಿನ ಗ್ರಂಥಿಗಳ ಮೂಲಕ ಹಾದು ರಕ್ತಕ್ಕೆ ಮರಳುತ್ತದೆ. ಆ ಗ್ರಂಥಿಗಳನ್ನು ತೆಗೆದರೆ ಅಥವಾ ಅಲ್ಲಿಗೆ ರೇಡಿಯೇಷನ್ ಕೊಟ್ಟರೆ ದಾರಿ ಕಿರಿದಾಗುತ್ತದೆ. ದ್ರವ ತೋಳಿನಲ್ಲೇ ನಿಂತು ಬಾವು ಬರುವುದಕ್ಕೆ ಲಿಂಫೆಡೀಮಾ ಎನ್ನುತ್ತಾರೆ. ಸೆಂಟಿನೆಲ್ ಗ್ರಂಥಿ, ಅಂದರೆ ಸ್ತನದ ದುಗ್ಧರಸ ಮೊದಲು ತಲುಪುವ ಗ್ರಂಥಿ, ಒಂದೆರಡನ್ನು ಮಾತ್ರ ತೆಗೆದವರಿಗೆ ಅಪಾಯ ಕಡಿಮೆ. ಕಂಕುಳಿನ ಗ್ರಂಥಿಗಳನ್ನು ಹೆಚ್ಚಾಗಿ ತೆಗೆದವರಿಗೆ, ಮೈತೂಕ ಹೆಚ್ಚಿರುವವರಿಗೆ ಅಪಾಯವೂ ಹೆಚ್ಚು. ಎಷ್ಟು ಗ್ರಂಥಿ ತೆಗೆದಿದ್ದಾರೆ ಎಂಬುದು ನಿಮ್ಮ ಪೆಥಾಲಜಿ ವರದಿಯಲ್ಲಿ ಇರುತ್ತದೆ, ಒಮ್ಮೆ ತೆಗೆದು ನೋಡಿ. ಬಾವು ಮೊದಲ ಎರಡು ಮೂರು ವರ್ಷಗಳಲ್ಲೇ ಬರುವುದು ಹೆಚ್ಚಾದರೂ ತುಂಬಾ ವರ್ಷ ಕಳೆದ ಮೇಲೆ ಬರುವುದೂ ಉಂಟು.

ಮೊದಲು ಭುಜ. ಆಪರೇಷನ್ ಜಾಗದ ದ್ರವ ಹೊರಹೋಗಲು ಇಟ್ಟ ಡ್ರೈನ್ ನಳಿಕೆ ಇರುವ ತನಕ ಮೊಣಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಬೇಡಿ. ಮುಷ್ಟಿ ಕಟ್ಟಿ ಬಿಡುವುದು, ಮೊಣಕೈ ಮಡಚಿ ಚಾಚುವುದು ಸಾಕು. ನಳಿಕೆ ತೆಗೆದು ಸರ್ಜನ್ ಒಪ್ಪಿದ ಮೇಲೆ ಗೋಡೆ ಹತ್ತುವ ವ್ಯಾಯಾಮ ಶುರುಮಾಡಿ. ಗೋಡೆಗೆ ಮುಖಮಾಡಿ ಒಂದಡಿ ದೂರ ನಿಂತು ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸಿ. ಎಳೆತ ಗೊತ್ತಾಗುವ ಕಡೆ ನಿಲ್ಲಿಸಿ, 5ರಿಂದ 10 ಸೆಕೆಂಡ್ ಹಿಡಿದು ಇಳಿಸಿ. ಒಂದು ಹೊತ್ತಿಗೆ 5ರಿಂದ 10 ಸಲ, ದಿನಕ್ಕೆ 3 ಹೊತ್ತು. ಮುಟ್ಟಿದ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕಿ. ಆ ಗುರುತು ದಾಟುವ ಆಸೆಗೆ ಭುಜವನ್ನು ಕಿವಿಯತ್ತ ಎತ್ತಿ, ಬೆನ್ನನ್ನು ಹಿಂದಕ್ಕೆ ಬಾಗಿಸುವುದೇ ಇಲ್ಲಿ ಎಲ್ಲರೂ ಮಾಡುವ ತಪ್ಪು: ಗುರುತು ಮೇಲೇರುತ್ತದೆ, ಭುಜದ ಕೀಲು ಇದ್ದಲ್ಲೇ ಇರುತ್ತದೆ. ಎಳೆದಂತಾಗುವುದು ಸಹಜ; ಚುಚ್ಚುವ ನೋವು ಬಂದರೆ ನಿಲ್ಲಿಸಿ.

ಕೈ ಚಾಚಿದಾಗ ಕಂಕುಳಿನಿಂದ ಮೊಣಕೈಯ ಕಡೆಗೆ ಹುರಿಯಂತೆ ಗಟ್ಟಿ ಎಳೆಗಳು ಎದ್ದು ಕಾಣಬಹುದು. ಹೆದರಬೇಡಿ. ಮೆಲ್ಲನೆ ಚಾಚುತ್ತ ಹೋದರೆ ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿ ಸಡಿಲವಾಗುತ್ತವೆ. ಫಿಸಿಯೋಥೆರಪಿಸ್ಟ್ ನೆರವಿದ್ದರೆ ಇನ್ನೂ ಬೇಗ. ರೇಡಿಯೇಷನ್ ಪಡೆದವರು ಒಂದು ಮಾತು ನೆನಪಿಡಿ: ಅಂಗಾಂಶ ಬಿಗಿಯುವುದು ಕೊನೆಯ ಡೋಸಿನ ಬಳಿಕವೂ ತಿಂಗಳುಗಟ್ಟಲೆ ನಡೆಯುತ್ತದೆ. ಕೈ ಪೂರ್ತಿ ಮೇಲೆ ಬಂತೆಂದು ವ್ಯಾಯಾಮ ಬಿಟ್ಟರೆ ಭುಜ ಮತ್ತೆ ಹಿಡಿದುಕೊಳ್ಳುತ್ತದೆ.

ಇನ್ನು ಅಳತೆ. ಹೊಲಿಗೆಯವರ ಟೇಪು ಸಾಕು. ಅಂಗೈ, ಮಣಿಕಟ್ಟು, ಅಲ್ಲಿಂದ ಮೇಲಕ್ಕೆ ಪ್ರತಿ 10 ಸೆಂ.ಮೀ.ಗೆ ಒಂದರಂತೆ ಎರಡೂ ಕೈಗಳ ಸುತ್ತಳತೆ ಬರೆದಿಡಿ. ಸಾಧ್ಯವಾದರೆ ಆಪರೇಷನ್‌ಗೆ ಮೊದಲೇ ಒಮ್ಮೆ ಅಳೆಯಿರಿ, ಏಕೆಂದರೆ ಹೆಚ್ಚು ಬಳಸುವ ಕೈ ಮೊದಲಿಂದಲೂ ತುಸು ದಪ್ಪವಿರುತ್ತದೆ. ಆಮೇಲೆ ತಿಂಗಳಿಗೊಮ್ಮೆ, ಅದೇ ಹೊತ್ತಿಗೆ, ಅದೇ ಟೇಪಿನಲ್ಲಿ. ಟೇಪು ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಯಾವುದೇ ಜಾಗದಲ್ಲಿ ಎರಡು ಕೈಗಳ ನಡುವಿನ ವ್ಯತ್ಯಾಸ 2 ಸೆಂ.ಮೀ. ಹೆಚ್ಚಿದರೆ ವೈದ್ಯರನ್ನು ಕಾಣಿ. ನಿಜ ಹೇಳಬೇಕೆಂದರೆ ಟೇಪಿಗಿಂತ ಮೊದಲೇ ಕೈ ಹೇಳುತ್ತದೆ: ಉಂಗುರ ಬಿಗಿ, ವಾಚಿನ ಪಟ್ಟಿ ಬಿಗಿ, ತೋಳು ಭಾರ. ಒಂದು ವಾರವಾದರೂ ಹೋಗದಿದ್ದರೆ ಅಳತೆಗೆ ಕಾಯಬೇಡಿ. ಎಳೆಯ ಬಾವು ಇಳಿಯುತ್ತದೆ. ವರ್ಷಗಟ್ಟಲೆ ನಿಂತದ್ದು ಗಟ್ಟಿಯಾಗಿಬಿಡುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಇದಕ್ಕೆ ಮದ್ದಲ್ಲ. ತರಬೇತಾದ ಥೆರಪಿಸ್ಟ್ ಮಾಡುವ ಹಗುರ ಮಸಾಜು, ಪದರಪದರವಾಗಿ ಸುತ್ತುವ ಬ್ಯಾಂಡೇಜು, ವ್ಯಾಯಾಮ, ಚರ್ಮದ ಆರೈಕೆ ಇವು ಒಟ್ಟಾಗಿ ಕೆಲಸ ಮಾಡುತ್ತವೆ.

ಕಂಪ್ರೆಷನ್ ಸ್ಲೀವ್ (ತೋಳನ್ನು ಬಿಗಿಯಾಗಿ ಒತ್ತಿ ಹಿಡಿಯುವ ಎಲಾಸ್ಟಿಕ್ ತೋಳುಚೀಲ) ಬೇಕೆಂದು ವೈದ್ಯರು ಹೇಳಿದರೆ ಅಳತೆ ಕೊಟ್ಟು ತೆಗೆದುಕೊಳ್ಳಿ. ಬೆಳಿಗ್ಗೆ ಬಾವು ಕಡಿಮೆ ಇರುವಾಗ ಹಾಕಿ, ಮಲಗುವಾಗ ತೆಗೆಯಿರಿ. ಮೇಲಂಚನ್ನು ಮಡಚಿದರೆ ಆ ಜಾಗದಲ್ಲಿ ಒತ್ತಡ ಹೆಚ್ಚಾಗಿ ದ್ರವ ಅಲ್ಲೇ ತಡೆಯುತ್ತದೆ. ಸ್ಲೀವ್ ಹಾಕಿದ ಮೇಲೆ ಅಂಗೈ ಊದಿದರೆ ಕೈಗವಸೂ ಬೇಕೆಂದು ಅರ್ಥ. ಸುಮಾರು 6 ತಿಂಗಳಲ್ಲಿ ಅದರ ಬಿಗಿ ಸೋಲುತ್ತದೆ. ಸುಲಭವಾಗಿ ಜಾರಿ ಕೂರುವ ಸ್ಲೀವ್ ಕೆಲಸಕ್ಕೆ ಬಾರದು.

ಭಾರ ಎತ್ತುವ ಭಯಕ್ಕೆ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ ಕೊಟ್ಟಿದೆ: ಬಾವು ಇದ್ದ ಮಹಿಳೆಯರು ವಾರಕ್ಕೆ 2 ಸಲ, ಸ್ಲೀವ್ ಹಾಕಿಕೊಂಡು, ಭಾರವನ್ನು ನಿಧಾನವಾಗಿ ಏರಿಸುತ್ತ ಹೋದಾಗ ಬಾವು ಹೆಚ್ಚಲಿಲ್ಲ, ಕೈಗೆ ಶಕ್ತಿ ಬಂತು. ವೈದ್ಯರನ್ನು ಕೇಳಿ ಅರ್ಧ ಕಿಲೋದಿಂದ ಆರಂಭಿಸಿ, 10 ಸಲ ಎತ್ತಿ. ಎರಡು ದಿನದ ವ್ಯಾಯಾಮ ತೊಂದರೆಯಿಲ್ಲದೆ ಮುಗಿದ ಮೇಲಷ್ಟೇ ಭಾರ ಏರಿಸಿ, ಅದೂ ಸ್ವಲ್ಪವೇ. ನಡುವೆ ಕೆಲವು ವಾರ ಬಿಟ್ಟಿದ್ದರೆ ಮತ್ತೆ ಕೆಳಗಿನಿಂದಲೇ ಬನ್ನಿ. ಬಿಟ್ಟಲ್ಲಿಂದ ಹಿಡಿಯಲು ಹೋದರೆ ಕೈ ಊದಿಕೊಳ್ಳಬಹುದು.

ರಕ್ತ ತೆಗೆಯಲು, ಬಿಪಿ ನೋಡಲು ಸಾಧ್ಯವಿದ್ದರೆ ಇನ್ನೊಂದು ಕೈ ಕೊಡಿ. ತುರ್ತಿನಲ್ಲಿ ಒಮ್ಮೆ ಇದೇ ಕೈಗೆ ಚುಚ್ಚಿದರೆಂದು ನಿದ್ದೆಗೆಡಬೇಡಿ. ಚರ್ಮ ಒಡೆಯದಂತೆ ದಿನಕ್ಕೊಮ್ಮೆ ಮಾಯಿಶ್ಚರೈಸರ್ ಹಚ್ಚಿ, ತೋಟದ ಕೆಲಸಕ್ಕೆ ಕೈಗವಸು ಹಾಕಿ, ಗೀರು ಬಿದ್ದರೆ ತಕ್ಷಣ ಸೋಪು ನೀರಲ್ಲಿ ತೊಳೆಯಿರಿ.

ಕೈ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ನೋವಾಗಿ, ಜ್ವರ ಅಥವಾ ಚಳಿ ಬಂದರೆ ಅದು ಸೋಂಕು. ದ್ರವ ನಿಂತ ಕೈಯಲ್ಲಿ ಅದು ಗಂಟೆಗಳಲ್ಲೇ ಹರಡಬಲ್ಲದು. ಸ್ಲೀವ್ ಮತ್ತು ಮಸಾಜು ನಿಲ್ಲಿಸಿ, ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಅಂದೇ ಆಸ್ಪತ್ರೆಗೆ ಹೋಗಿ, ಆಂಟಿಬಯಾಟಿಕ್ ಬೇಕಾಗುತ್ತದೆ. ಕೈ ಒಮ್ಮೆಲೇ ಊದಿಕೊಂಡರೂ ಅಂದೇ ಹೋಗಬೇಕು, ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರಿಂದಲೂ ಆಗಿರಬಹುದು.