ಮೊದಲ ಸಲ ಸ್ಪೆಷಲಿಸ್ಟ್ ಸ್ಕ್ಯಾನಿಗೆ ಹೋಗುವವರಿಗೆ

ಹೊರದೇಶದಲ್ಲಿ ಬಸಿರಿನ ತಪಾಸಣೆಗೆ ಹೋದಾಗ ಡಾಕ್ಟರು ‘ಒಂದು ಸಲ ಸ್ಪೆಷಲಿಸ್ಟ್ ಹತ್ತಿರ ಸ್ಕ್ಯಾನ್ ಮಾಡಿಸಿ’ ಎಂದು ಚೀಟಿ ಕೊಟ್ಟ ಕೂಡಲೇ ಮಗುವಿಗೆ ಏನೋ ಆಗಿದೆ ಎಂದುಕೊಳ್ಳಬೇಡಿ. ತಾಯಿಗೆ 35 ದಾಟಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಅವಳಿ ಮಕ್ಕಳಿದ್ದರೆ, ಹಿಂದಿನ ಬಸಿರಿನಲ್ಲಿ ತೊಂದರೆಯಾಗಿದ್ದರೆ ಕಳಿಸುತ್ತಾರೆ. ಮಾಮೂಲಿ ಸ್ಕ್ಯಾನಿನಲ್ಲಿ ಮಗು ಬೆನ್ನು ಹಾಕಿ ಮಲಗಿದ್ದರಿಂದ ಹೃದಯ ಸರಿಯಾಗಿ ಕಾಣಲಿಲ್ಲ ಎಂದೂ ಕಳಿಸುವುದುಂಟು. ಚೀಟಿ ಬಂದ ದಿನದಿಂದ ನಮ್ಮ ಹೆಣ್ಣುಮಕ್ಕಳು ನಿದ್ದೆಗೆಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಯಾಕೆ ಕಳಿಸುತ್ತಿದ್ದೀರಿ ಎಂದು ಅಲ್ಲೇ ಕೇಳಿ. ಡಾಕ್ಟರಿಗೆ ಎದುರು ಪ್ರಶ್ನೆ ಹಾಕಬಾರದು ಎಂದು ಬೆಳೆದವರು ನಾವು. ಹೊರದೇಶದಲ್ಲಿ ನೀವು ಸುಮ್ಮನಿದ್ದರೆ ಎಲ್ಲ ಅರ್ಥವಾಗಿದೆ ಎಂದುಕೊಳ್ಳುತ್ತಾರೆ.

ಹಳೆಯ ರಿಪೋರ್ಟು, ವಿಮೆಯ ಕಾಗದ, ಮಾತ್ರೆಗಳ ಪಟ್ಟಿ ಒಂದು ಫೈಲಿನಲ್ಲಿರಲಿ. ನೀರು ಕುಡಿದು ಬರಬೇಕೇ ಎಂದು ಮೊದಲೇ ವಿಚಾರಿಸಿ.

ಫೈಲಿಗಿಂತ ಮುಖ್ಯವಾದದ್ದು ಮನೆತನದ ವಿವರ. ಗಂಡ ಹೆಂಡತಿ ರಕ್ತಸಂಬಂಧಿಗಳೇ, ಎರಡೂ ಕಡೆ ಯಾರಿಗಾದರೂ ಹುಟ್ಟಿನಿಂದ ಹೃದಯದ ತೊಂದರೆ ಇತ್ತೇ, ಥಲಸ್ಸೀಮಿಯಾ ಎಂಬ ವಂಶದಲ್ಲಿ ಬರುವ ರಕ್ತದ ಕಾಯಿಲೆ ಇದೆಯೇ, ಕೂಸುಗಳು ತೀರಿಹೋಗಿದ್ದವೇ ಎಂದು ಕೇಳುತ್ತಾರೆ. ನಿಮ್ಮನ್ನು ಅಳೆಯಲು ಕೇಳುವ ಪ್ರಶ್ನೆಗಳಲ್ಲ ಇವು. ಸಂಬಂಧದಲ್ಲೇ ಮದುವೆಯಾದಾಗ ಒಂದೇ ದೋಷದ ಜೀನ್ ತಾಯಿ ತಂದೆ ಇಬ್ಬರಿಂದಲೂ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಯಾರೂ ಬಾಯಿಬಿಡದ ಸಾವುಗಳಿರುತ್ತವೆ. ಹಿರಿಯರಿಗೆ ಫೋನ್ ಮಾಡಿ, ಮೆಲ್ಲಗೆ ಕೇಳಿ ತಿಳಿದುಕೊಳ್ಳಿ.

ಸ್ಕ್ಯಾನ್ ಕೋಣೆಯಲ್ಲಿ ಮೊದಲು ಬರುವವರು ಸಾಮಾನ್ಯವಾಗಿ ಸೋನೋಗ್ರಾಫರ್, ಎಂದರೆ ಸ್ಕ್ಯಾನ್ ಮಾಡುವ ತಂತ್ರಜ್ಞರು. 18ರಿಂದ 22 ವಾರದ ಸ್ಕ್ಯಾನಾದರೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು. ಹೃದಯದ ನಾಲ್ಕು ಕೋಣೆಗಳು, ಅಲ್ಲಿಂದ ಹೊರಡುವ ದೊಡ್ಡ ರಕ್ತನಾಳಗಳು, ಮಿದುಳು, ಬೆನ್ನುಮೂಳೆ, ಮೂತ್ರಪಿಂಡ, ತುಟಿ, ಎಲ್ಲವನ್ನೂ ನೋಡಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ಆಗ ಅವರು ಮಾತಾಡುವುದಿಲ್ಲ. ಆ ಮೌನ ನಮ್ಮವರನ್ನು ಕೊಲ್ಲುತ್ತದೆ. ಆದರೆ ಫಲಿತಾಂಶ ಹೇಳುವ ಹೊಣೆ ಹೆಚ್ಚಿನ ಕಡೆ ಡಾಕ್ಟರದ್ದು. ಅವರು ಬಂದು ಮತ್ತೊಮ್ಮೆ ಪ್ರೋಬ್ ಇಟ್ಟು ನೋಡುವುದೂ ವಾಡಿಕೆಯೇ. ಗರ್ಭಕಂಠದ ಉದ್ದ ಅಥವಾ ಕೆಳಗೆ ಕುಳಿತ ಮಾಸು (ಪ್ಲಾಸೆಂಟಾ) ನೋಡಲು ಯೋನಿಯ ಮೂಲಕ ಸ್ಕ್ಯಾನ್ ಮಾಡಬೇಕಾಗಬಹುದು. ಮಹಿಳೆಯೇ ಮಾಡಲಿ ಎಂದು ಕೇಳಲು ಸಂಕೋಚ ಬೇಡ. 20ನೇ ವಾರದಲ್ಲಿ ಕೆಳಗಿರುವ ಮಾಸು ಬಹುಪಾಲು ಬಸುರಿಯರಲ್ಲಿ ಮುಂದೆ ಮೇಲೆ ಸರಿಯುತ್ತದೆ.

ಭಾರತದಲ್ಲಿ 1994ರ ಕಾಯ್ದೆಯಿಂದಾಗಿ ಮಗು ಹೆಣ್ಣೋ ಗಂಡೋ ಹೇಳುವಂತಿಲ್ಲ. ಹಲವು ದೇಶಗಳಲ್ಲಿ ಅವರೇ ‘ತಿಳಿಯಬೇಕೇ’ ಎಂದು ಕೇಳುತ್ತಾರೆ. ಬೇಡವಾದರೆ ಸ್ಕ್ಯಾನಿಗೆ ಮಲಗುವ ಮೊದಲೇ ಹೇಳಿಬಿಡಿ.

ಇನ್ನು ಸಂಖ್ಯೆಗಳ ಮಾತು. 11ರಿಂದ 14 ವಾರದೊಳಗೆ ಮಗುವಿನ ಕತ್ತಿನ ಹಿಂದಿನ ದ್ರವವನ್ನು ಅಳೆಯುತ್ತಾರೆ, 3.5 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಮುಂದಿನ ಪರೀಕ್ಷೆಯ ಮಾತು ಬರುತ್ತದೆ. ಅದು ಮಗುವಿನ ವರ್ಣತಂತುಗಳಲ್ಲಿ (ಕ್ರೋಮೋಸೋಮ್) ದೋಷವಿರುವ ಸಾಧ್ಯತೆಯನ್ನಷ್ಟೇ ಹೇಳುತ್ತದೆ. ವರ್ಣತಂತುಗಳ ವಿಷಯ ಖಚಿತವಾಗಬೇಕಾದರೆ 15 ವಾರದ ನಂತರ ಮಾಡುವ, ಸೂಜಿಯಿಂದ ಗರ್ಭದ ನೀರು ತೆಗೆದು ನೋಡುವ ಅಮ್ನಿಯೋಸೆಂಟೆಸಿಸ್‌ನಂಥ ಪರೀಕ್ಷೆ ಬೇಕು. ಮಾಡಿಸುವುದೂ ಬಿಡುವುದೂ ತಾಯಿಯ ನಿರ್ಧಾರ. ಇದನ್ನು ಮಾತ್ರ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ ಮತ ಕೇಳಬೇಡಿ.

ಇಂಗ್ಲಿಷಿನಲ್ಲಿ ಕೆಲಸ ಮಾಡುವುದು ಬೇರೆ, ಹೊಟ್ಟೆಯ ಕೂಸಿನ ಬಗ್ಗೆ ಆ ಭಾಷೆಯಲ್ಲಿ ಕೇಳಿಸಿಕೊಳ್ಳುವುದು ಬೇರೆ. ಅಮ್ಮ ಪಕ್ಕದಲ್ಲಿಲ್ಲದ ಕೊರತೆ ಅಲ್ಲಿ ಇಮ್ಮಡಿಯಾಗುತ್ತದೆ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡ ದುಭಾಷಿ ಸಿಗುವರೇ ಎಂದು ಕೇಳಿ. ಆ ಹೊರೆ ಗಂಡನ ಮೇಲೆ ಬೀಳದಿರಲಿ, ಅವನೂ ತಂದೆಯಾಗಿ ಕುಳಿತಿರುತ್ತಾನೆ. ದೊಡ್ಡ ಮಗುವನ್ನು ನಮ್ಮ ಕನ್ನಡಿಗರಲ್ಲಿ ಯಾರ ಮನೆಯಲ್ಲಾದರೂ ಬಿಟ್ಟು ಹೋಗಿ. ಇದಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ. ಹೊರಡುವ ಮುನ್ನ ರಿಪೋರ್ಟಿನ ಪ್ರತಿ, ಮುಂದಿನ ಸ್ಕ್ಯಾನಿನ ದಿನಾಂಕ, ರಾತ್ರಿ ಗಾಬರಿಯಾದರೆ ಕರೆ ಮಾಡಬೇಕಾದ ನಂಬರು ಕೇಳಿ ತೆಗೆದುಕೊಳ್ಳಿ.