‘ಬೀಡಿಯೊಂದಾದರೂ ಇರಲಿ ಬಿಡಿ’ ಎಂಬ ಮಾತನ್ನು ನಾನೇಕೆ ಒಪ್ಪುವುದಿಲ್ಲ

‘ಪಾಪ, ಅವನಿಗೆ ಬೇರೇನು ಸುಖವಿದೆ? ಬೀಡಿಯೊಂದಾದರೂ ಇರಲಿ ಬಿಡಿ.’ ಧಾರವಾಡದಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವ ನಾನು ಈ ಮಾತನ್ನು ಮಾನಸಿಕ ಕಾಯಿಲೆ ಇರುವವರ ತಾಯಂದಿರಿಂದ, ಅಣ್ಣತಮ್ಮಂದಿರಿಂದ, ಕೆಲವೊಮ್ಮೆ ಜೊತೆಯಲ್ಲಿ ಕೆಲಸ ಮಾಡುವವರಿಂದಲೂ ಕೇಳುತ್ತಲೇ ಬಂದಿದ್ದೇನೆ. ಕುಡಿತ ಬಿಡಲು ಬಂದವರ ವಿಷಯದಲ್ಲಾದರೆ ಮಾತು ಸ್ವಲ್ಪ ಬದಲಾಗುತ್ತದೆ: ‘ಮೊದಲು ಕುಡಿತ ಬಿಡಲಿ, ಬೀಡಿಯ ಮಾತು ಆಮೇಲೆ.’ ಎರಡರಲ್ಲೂ ಅಂತಃಕರಣವಿದೆ, ನಿಜ. ಆದರೆ ತೀವ್ರ ಮಾನಸಿಕ ಕಾಯಿಲೆ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ. ಅವರಲ್ಲಿ ಬಹುಪಾಲು ಜನರನ್ನು ಒಯ್ಯುವುದು ಹೃದಯ, ಶ್ವಾಸಕೋಶದಂಥ ದೇಹದ ಕಾಯಿಲೆಗಳು. ಅದರ ಹಿಂದೆ ತಂಬಾಕಿನ ಕೈ ದೊಡ್ಡದು. ಹೀಗಿರುವಾಗ ‘ಇರಲಿ ಬಿಡಿ’ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

‘ಆಮೇಲೆ’ ಎಂಬ ಮಾತಿಗೂ ಆಧಾರವಿಲ್ಲ. ಕುಡಿತ, ಮಾದಕ ವಸ್ತುಗಳ ಚಿಕಿತ್ಸೆಯ ಜೊತೆಯಲ್ಲೇ ತಂಬಾಕು ಬಿಡಲು ನೆರವು ಪಡೆದವರು ಮುಂದೆ ಕುಡಿತದಿಂದಲೂ ದೂರ ಉಳಿಯುವ ಸಾಧ್ಯತೆ ಶೇ. 25ರಷ್ಟು ಹೆಚ್ಚು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2004ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳಿತು. ನಾನು ಕಂಡಿದ್ದಕ್ಕೂ ಇದು ಹೊಂದುತ್ತದೆ. ಬಾಟಲಿಯ ಪಕ್ಕದಲ್ಲಿ ಬೀಡಿ ಕಟ್ಟು ಇಟ್ಟುಕೊಂಡೇ ಬೆಳೆದ ಚಟ ಅದು. ಒಂದನ್ನು ಹಚ್ಚಿದರೆ ಇನ್ನೊಂದು ನೆನಪಾಗುತ್ತದೆ.

ಹುಬ್ಬಳ್ಳಿಯ ಲಾರಿ ಚಾಲಕರೊಬ್ಬರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಕುಡಿತದ ಚಿಕಿತ್ಸೆಗೆ ಬಂದಿದ್ದರು. ನಾನು ಯಾರಿಗಾದರೂ ಕೇಳುವ ಮೊದಲ ಪ್ರಶ್ನೆ, ದಿನಕ್ಕೆ ಎಷ್ಟು ಬೀಡಿ ಎಂಬುದಲ್ಲ. ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಎಂಬುದು. ‘ಮುಖ ತೊಳೆಯುವ ಮೊದಲೇ’ ಎಂದರು. ಎದ್ದ ಅರ್ಧ ಗಂಟೆಯೊಳಗೆ ಹಚ್ಚುವವರ ದೇಹ ತಂಬಾಕಿನಲ್ಲಿರುವ ನಿಕೋಟಿನ್‌ಗೆ ಗಟ್ಟಿಯಾಗಿ ಒಗ್ಗಿರುತ್ತದೆ. ಅಂಥವರಿಗೆ ಬರೀ ಬುದ್ಧಿವಾದ ಸಾಲದು, ಔಷಧ ಬೇಕು.

ಬೀಡಿ ಕಟ್ಟಿನ ಹೊದಿಕೆ ಕಾಗದವನ್ನು ಎಸೆಯಬೇಡಿ, ಪ್ರತಿ ಬೀಡಿಗೂ ಅದರ ಮೇಲೆ ಒಂದು ಗೆರೆ ಎಳೆದು ಏಕೆ ಸೇದಿದಿರಿ ಎಂದು ಒಂದು ಅಕ್ಷರ ಬರೆಯಿರಿ ಎಂದು ಅವರಿಗೆ ಹೇಳಿದೆ. ಚಹಾಕ್ಕೆ ‘ಚ’, ಸಿಟ್ಟಿಗೆ ‘ಸಿ’, ನಿದ್ದೆ ತಡೆಯಲು ‘ನಿ’, ಸುಮ್ಮನೆ ಎಂದರೆ ಸೊನ್ನೆ. ತಂದು ತೋರಿಸಿದ ಕಾಗದಗಳ ತುಂಬ ‘ಚ’. ನಡುವೆ ಒಂದಷ್ಟು ಸೊನ್ನೆ. ‘ಸಿ’ ಹುಡುಕಿದರೂ ಅಪರೂಪ. ಸಿಟ್ಟು ತಣಿಸಲು ಸೇದುತ್ತೇನೆ ಎಂದು ವರ್ಷಗಟ್ಟಲೆ ನಂಬಿದ್ದ ಮನುಷ್ಯ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. ನಿಕೋಟಿನ್ ಇಳಿದಾಗ ಆಗುವ ಚಡಪಡಿಕೆಯನ್ನು ಮುಂದಿನ ಬೀಡಿ ನಿಲ್ಲಿಸುತ್ತದೆ, ಅದನ್ನೇ ನಾವು ಸಮಾಧಾನ ಎಂದುಕೊಳ್ಳುತ್ತೇವೆ ಎಂದು ನಾನು ಆಗಷ್ಟೇ ವಿವರಿಸಿದೆ. ಬಿಟ್ಟವರಲ್ಲಿ ಆತಂಕ, ಖಿನ್ನತೆ ಹೆಚ್ಚುವುದಿಲ್ಲ, ಕಡಿಮೆಯಾಗುತ್ತವೆ ಎಂದು 2014ರ ದೊಡ್ಡ ವಿಶ್ಲೇಷಣೆಯೊಂದು ತೋರಿಸಿದೆ; ಮಾನಸಿಕ ಕಾಯಿಲೆ ಇರುವವರಲ್ಲೂ ಹಾಗೆಯೇ.

ಬಿಡುವ ದಿನವನ್ನು ಅವರೇ ಆರಿಸಿಕೊಂಡರು: ಅಮಾವಾಸ್ಯೆ. ಗಾಡಿ ಪೂಜೆಯ ದಿನ ಕ್ಯಾಬಿನ್ ತೊಳೆದು, ಸೀಟಿನ ಕೆಳಗಿನ ಬೀಡಿ ತುಂಡು, ಬೆಂಕಿಪೆಟ್ಟಿಗೆಗಳನ್ನೆಲ್ಲ ಹೊರಗೆ ಹಾಕಿ, ಪೂಜೆ ಮಾಡಿ ಬಂದರು. ನಾನು ಹೇಳಿದ್ದರೆ ಸೋಮವಾರ ಎನ್ನುತ್ತಿದ್ದೆನೇನೋ. ಅವರ ಆಯ್ಕೆಗೆ ಇದ್ದ ಬಲ ಅದಕ್ಕೆ ಇರುತ್ತಿರಲಿಲ್ಲ.

ಔಷಧ ಯಾವುದು ಎಂಬುದು ವೈದ್ಯರ ತೀರ್ಮಾನ. ಬುಪ್ರೊಪಿಯಾನ್ ಎಂಬ ಮಾತ್ರೆ ಫಿಟ್ಸ್ ಇರುವವರಿಗೂ, ಕುಡಿತವನ್ನು ಥಟ್ಟನೆ ನಿಲ್ಲಿಸಿದವರಿಗೂ ಅಪಾಯಕಾರಿ. ಆದ್ದರಿಂದ ನನ್ನ ಬಳಿ ಬರುವ ಅನೇಕರಿಗೆ ಅದು ಸಲ್ಲದು. ತಂಬಾಕು ಬಿಡಲು ಕೊಡುವ ಇನ್ನೊಂದು ಮಾತ್ರೆ ವರೆನಿಕ್ಲಿನ್. ಅದರಿಂದ ಮನಸ್ಸಿನ ತೊಂದರೆ ಹೆಚ್ಚೀತು ಎಂಬ ಹೆದರಿಕೆ ಬಹಳ ಕಾಲ ಇತ್ತು. 8 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಜನ ಮಾನಸಿಕ ಕಾಯಿಲೆ ಇದ್ದವರೇ. ಅವರಲ್ಲೂ ಆ ಮಾತ್ರೆಯಿಂದ ಮನಸ್ಸಿನ ತೊಂದರೆಗಳು ಗಣನೀಯವಾಗಿ ಹೆಚ್ಚಲಿಲ್ಲ. ಈ ಚಾಲಕರಿಗೆ ವೈದ್ಯರು ಬರೆದದ್ದು ಹೊಗೆಯಿಲ್ಲದೆ ಸ್ವಲ್ಪ ಸ್ವಲ್ಪವೇ ನಿಕೋಟಿನ್ ಕೊಡುವ, ಜಗಿಯುವ ನಿಕೋಟಿನ್ ಗಮ್.

ಗಮ್ ಜಗಿಯುವುದನ್ನು ಕಲಿಸಲು ಸಮಯ ಕೊಡಲೇಬೇಕು. ಕೊಟ್ಟು ಕಳಿಸಿದರೆ ಮಿಠಾಯಿಯಂತೆ ಜಗಿಯುತ್ತಾರೆ, ಬಿಕ್ಕಳಿಕೆ ಬರುತ್ತದೆ, ಎದೆ ಉರಿಯುತ್ತದೆ, ಮರುದಿನ ಕಸದ ಬುಟ್ಟಿಗೆ ಹೋಗುತ್ತದೆ. ನಿಧಾನವಾಗಿ ನಾಲ್ಕಾರು ಸಲ ಜಗಿದು, ಖಾರ ಚುರುಕ್ಕೆಂದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು. ಎಲೆ ಅಡಿಕೆ ಹಾಕುವ ನಮ್ಮ ಕಡೆಯ ಜನರಿಗೆ ದವಡೆಯಲ್ಲಿ ಇಟ್ಟುಕೊಳ್ಳುವುದನ್ನು ಹೇಳಿಕೊಡಬೇಕಾಗಿಲ್ಲ. ಕಷ್ಟವಾಗುವುದು ಇನ್ನೊಂದು ನಿಯಮ: ಗಮ್‌ಗೆ ಮೊದಲು ಕಾಲು ಗಂಟೆ ಮತ್ತು ಅದು ಬಾಯಲ್ಲಿರುವಷ್ಟು ಹೊತ್ತು ಚಹಾ ಕುಡಿಯುವಂತಿಲ್ಲ. ಗಿರಮಿಟ್, ಮಿರ್ಚಿ, ಹಿಂದೆಯೇ ಅರ್ಧ ಕಪ್ ಚಹಾ ಎನ್ನುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಆದರೂ ಚಹಾ ಇಳಿಸಲೇಬೇಕು. ಸೇದುವುದು ನಿಂತಾಗ ಚಹಾ, ಕಾಫಿಯಲ್ಲಿರುವ ಕೆಫೀನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಮೊದಲಿನಷ್ಟೇ ಚಹಾ ಕುಡಿದವರಿಗೆ ಎದೆ ಬಡಿತ, ನಿದ್ದೆಗೇಡು. ಅದನ್ನು ‘ಬೀಡಿ ಬಿಟ್ಟಿದ್ದಕ್ಕೆ ತಲೆ ಕೆಟ್ಟಿತು’ ಎಂದು ತಿಳಿಯುತ್ತಾರೆ. ಚಾಲಕರು ಚಹಾವನ್ನು ಅರ್ಧಕ್ಕೆ ಇಳಿಸಿ ಜೇಬಿನಲ್ಲಿ ಪುಠಾಣಿ, ಬಡೇಸೋಪು ಇಟ್ಟುಕೊಂಡರು. ಬೀಡಿಯ ಬದಲು ಗುಟಕಾ ಹಿಡಿಯದಂತೆ ನೋಡಿಕೊಳ್ಳುವ ಕೆಲಸವನ್ನು ಅವರ ಹೆಂಡತಿ ಚೆನ್ನಾಗಿ ಮಾಡಿದರು.

ಎಲ್ಲಕ್ಕಿಂತ ಮುಖ್ಯವಾದದ್ದು, ಮಾನಸಿಕ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರ ಮನೆಯವರೆಲ್ಲ ತಿಳಿದಿರಲೇಬೇಕಾದದ್ದು, ಇನ್ನು ಮುಂದಿದೆ. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಅದರಿಂದ ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್ ಮಾತ್ರೆಗಳು ಬೇಗ ಕರಗಿ ಹೋಗುತ್ತವೆ. ಸೇದುವವರಿಗೆ ಹೆಚ್ಚು ಪ್ರಮಾಣ ಬೇಕಾಗುವುದು ಇದಕ್ಕೇ. ಸೇದುವುದು ನಿಂತರೆ ಒಂದು ವಾರದೊಳಗೆ ಅದೇ ಮಾತ್ರೆ ರಕ್ತದಲ್ಲಿ ಏರುತ್ತದೆ. ಕ್ಲೋಜಪಿನ್ ಒಂದೂವರೆ ಪಟ್ಟು ಆಗುವುದೂ ಉಂಟು. ಇದು ಹೊಗೆಯ ಕೆಲಸ, ನಿಕೋಟಿನ್‌ನದಲ್ಲ. ಆದ್ದರಿಂದ ಗಮ್ ಅಥವಾ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಬಳಸುತ್ತಿದ್ದರೂ ಮಾತ್ರೆಯ ಪ್ರಮಾಣವನ್ನು ವೈದ್ಯರು ಮತ್ತೆ ನೋಡಲೇಬೇಕು.

ನವಲಗುಂದ ತಾಲ್ಲೂಕಿನ ಯುವಕನೊಬ್ಬ ಕ್ಲೋಜಪಿನ್ ಮೇಲೆ ಚೆನ್ನಾಗಿದ್ದ. ಕಾಲು ಮುರಿದು ಆಸ್ಪತ್ರೆ ಸೇರಿದಾಗ ಬೀಡಿ ತಾನಾಗಿಯೇ ನಿಂತಿತು. ಮನೆಗೆ ಮರಳುವ ಹೊತ್ತಿಗೆ ತಲೆದಿಂಬು ತೊಯ್ಯುವಷ್ಟು ಜೊಲ್ಲು, ಊಟದ ತಟ್ಟೆಯ ಮುಂದೆ ಕುಳಿತಲ್ಲೇ ತೂಕಡಿಕೆ, ರೊಟ್ಟಿ ಮುರಿಯುವ ಕೈ ಅರ್ಧಕ್ಕೇ ನಿಲ್ಲುವುದು. ‘ತಂಗಿ, ಬೀಡಿ ಬಿಟ್ಟಿದ್ದೇ ಇವನಿಗೆ ಮುಳುವಾಯಿತು, ಒಂದು ಸೇದಿಸಲೇನು?’ ಎಂದು ತಾಯಿ ಫೋನಿನಲ್ಲಿ ಕೇಳಿದರು. ‘ಅವ್ವಾ, ಬೀಡಿ ಕೊಡಬೇಡಿ, ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ, ಇವತ್ತೇ ಕರೆದುಕೊಂಡು ಬನ್ನಿ’ ಎಂದೆ. ವೈದ್ಯರು ಪರೀಕ್ಷಿಸಿ ಪ್ರಮಾಣ ಇಳಿಸಿದರು. ಕೆಲವೇ ದಿನಗಳಲ್ಲಿ ಹುಡುಗ ಎಚ್ಚರಾದ. ಅವನ ಚೀಟಿಯ ಮೇಲೆ ‘ಬೀಡಿ ನಿಂತಿದೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದೆ. ಬೇರೆ ಯಾವ ವೈದ್ಯರ ಬಳಿ ಹೋದರೂ ಅದು ಕಣ್ಣಿಗೆ ಬೀಳಬೇಕು.

ಇದೇ ಲೆಕ್ಕ ಹಿಂದುಮುಂದಾಗಿಯೂ ನಡೆಯುತ್ತದೆ. ಮತ್ತೆ ಸೇದತೊಡಗಿದರೆ ಇಳಿಸಿದ ಪ್ರಮಾಣ ಸಾಲದೆ ಹೋಗಿ, ಕಾಯಿಲೆಯಿಂದ ಕಿವಿಯಲ್ಲಿ ಕೇಳಿಸುತ್ತಿದ್ದು ಮಾಯವಾಗಿದ್ದ ದನಿಗಳು ಮತ್ತೆ ಕೇಳಿಸಬಹುದು. ಆದ್ದರಿಂದ ನನ್ನ ಬಳಿ ಯಾರೂ ಬೀಡಿಯನ್ನು ಮುಚ್ಚಿಡುವಂತಾಗಬಾರದು. ಮತ್ತೆ ಹಚ್ಚಿದವರನ್ನು ನಾನು ಬೈಯುವುದಿಲ್ಲ, ಮನೆಯವರಿಗೂ ಬೈಯಲು ಬಿಡುವುದಿಲ್ಲ. ದೂರದ ಹಳ್ಳಿಯವರಿಗೆ ಮಾತ್ರೆ ಚೀಟಿಯ ಹಿಂದೆ ಎರಡು ಉಚಿತ ಸಹಾಯವಾಣಿಗಳನ್ನು ಬರೆದು ಕೊಡುತ್ತೇನೆ: ತಂಬಾಕು ಬಿಡಲು 1800-11-2356, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416.

ಊರಿನ ಜಾತ್ರೆಯಲ್ಲಿ ಗೆಳೆಯರ ಜೊತೆ ಆ ನವಲಗುಂದದ ಹುಡುಗ ಮತ್ತೆ ಸೇದಿದ. ನಾಲ್ಕು ದಿನವೂ ಮುಚ್ಚಿಡದೆ ತಾನೇ ಫೋನ್ ಮಾಡಿ, ‘ಅಕ್ಕಾ, ಶುರುವಾಗಿದೆ, ಮಾತ್ರೆಯ ವಿಷಯ ಡಾಕ್ಟರಿಗೆ ಹೇಳಿ’ ಎಂದ. ಅಂದೇ ಹೇಳಿದೆ. ಬಿಡಲು ಹೊಸ ದಿನ ಯಾವುದೆಂದು ಕೇಳಿದಾಗ, ಜೋಳದ ರಾಶಿ ಮುಗಿಯಲಿ ಎಂದ. ಈಗ ಗಮ್ ಜೊತೆ ಬೆಳಗಿನ ಬೀಡಿಯನ್ನು ಒಂದು ತಾಸು ಮುಂದಕ್ಕೆ ತಳ್ಳುವುದರಿಂದ ಮೊದಲು ಮಾಡಿದ್ದೇವೆ.