ಬಿಡಿ ವಾಕ್ಯ ಬಿಡಿ, ಪ್ಯಾಸೇಜ್ ಹಿಡಿಯಿರಿ: ಇಂಗ್ಲಿಷ್ ತಪ್ಪು ತಿದ್ದುವ ಅಭ್ಯಾಸ ಹೇಗೆ?

ಇಂಗ್ಲಿಷ್ ವ್ಯಾಕರಣದ ಗೈಡುಗಳಲ್ಲಿ ಬರುವ ಬಿಡಿ ವಾಕ್ಯಗಳ ತಪ್ಪನ್ನು ಕ್ಷಣಾರ್ಧದಲ್ಲಿ ಗುರುತಿಸುವವರು ಇಡೀ ಪುಟವೊಂದನ್ನು ಕೈಗೆ ಕೊಟ್ಟಾಗ ತಡವರಿಸುವುದು ಸಾಮಾನ್ಯ. ಶಿವಮೊಗ್ಗದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುತ್ತಿರುವವರಿಗೂ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತ ಇಂಗ್ಲಿಷ್‌ನಲ್ಲಿ ಪ್ರಬಂಧ ಬರೆಯುವವರಿಗೂ, ಕಚೇರಿಯಲ್ಲಿ ದಿನವೂ ಇಂಗ್ಲಿಷ್ ಪತ್ರಗಳ ಕರಡು ಸಿದ್ಧಪಡಿಸುವವರಿಗೂ ಇದು ಒಂದೇ ಬಗೆಯ ತೊಡಕು. ಬಿಡಿ ವಾಕ್ಯದಲ್ಲಿ ತಪ್ಪು ಇದ್ದೇ ಇರುತ್ತದೆ ಎಂಬುದು ಓದುಗನಿಗೆ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಅರ್ಧ ಕೆಲಸ ಊಹೆಯಲ್ಲೇ ಮುಗಿದುಹೋಗುತ್ತದೆ. ಗದ್ಯಭಾಗದಲ್ಲಿ ಅಂತಹ ಸುಳಿವು ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕೆಲವು ತಪ್ಪುಗಳು ಒಂದು ವಾಕ್ಯಕ್ಕೂ ಇನ್ನೊಂದು ವಾಕ್ಯಕ್ಕೂ ನಡುವಿನ ಸಂಬಂಧದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತವೆ.

ಒಂದು ಉದಾಹರಣೆ ನೋಡಬಹುದು. ‘ನಿನ್ನೆ ಸಾಗರಕ್ಕೆ ಹೋಗಿದ್ದೆ’ ಎಂದು ಕನ್ನಡದಲ್ಲಿ ಸಹಜವಾಗಿ ಹೇಳುವವರು ಇಂಗ್ಲಿಷ್‌ನಲ್ಲಿ ‘ಐ ಹ್ಯಾಡ್ ಗಾನ್ ಟು ಸಾಗರ’ ಎಂದು ಬರೆಯುತ್ತಾರೆ. ಈ ವಾಕ್ಯವೊಂದನ್ನೇ ಮುಂದಿಟ್ಟು ಸರಿಯೋ ತಪ್ಪೋ ಎಂದು ಕೇಳಿದರೆ ಉತ್ತರವೇ ಇಲ್ಲ. ‘ಅವರು ಮನೆಗೆ ಬರುವ ಹೊತ್ತಿಗಾಗಲೇ’ ಎಂಬ ಅರ್ಥದ ಮಾತು ಪಕ್ಕದಲ್ಲಿದ್ದರೆ ಅದು ಸರಿ; ನಿನ್ನೆಯ ಸುದ್ದಿಯನ್ನು ಸುಮ್ಮನೆ ಹೇಳುವುದಷ್ಟೇ ಉದ್ದೇಶವಾಗಿದ್ದರೆ ‘ಐ ವೆಂಟ್’ ಸಾಕು. ಇದನ್ನು ನಿರ್ಧರಿಸುವುದು ನೆರೆಯ ವಾಕ್ಯವೇ ಹೊರತು ವ್ಯಾಕರಣದ ಸೂತ್ರವಲ್ಲ.

ಗದ್ಯಭಾಗವನ್ನು ಆರಿಸುವುದು

ಸಂಪಾದಕರ ಕಣ್ಣಿನಡಿ ಹಾದುಬಂದ ಬರಹವನ್ನೇ ಆರಿಸಿಕೊಳ್ಳಬೇಕು. ಇಂಗ್ಲಿಷ್ ದಿನಪತ್ರಿಕೆಯ ಸಂಪಾದಕೀಯ, ವಾರಪತ್ರಿಕೆಯ ವರದಿ, ವಿಜ್ಞಾನ ಲೇಖನದ ಒಂದು ಪ್ಯಾರಾ, ಯಾವುದಾದರೂ ಆಗುತ್ತದೆ. ಸುಮಾರು 150ರಿಂದ 200 ಪದಗಳ ಉದ್ದ ಸಾಕು. ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗುವ ಅಭ್ಯಾಸವಿರುವವರು ಅಲ್ಲಿಯ ಹಳೆಯ ಸಂಚಿಕೆಗಳಿಂದ ಕೈಯಲ್ಲಿ ಬರೆದುಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಹಾಗೆ ಬರೆದುಕೊಳ್ಳುವಾಗಲೇ ಸರಿಯಾದ ರೂಪ ಒಮ್ಮೆ ಕೈಯಿಂದ ಹಾದುಹೋಗುತ್ತದೆ. ವಿಷಯ ನಿಮಗೆ ತಿಳಿದದ್ದಾಗಿರಲಿ. ಅಡಿಕೆ, ಮಳೆ, ಶರಾವತಿಯ ವಿದ್ಯುತ್ ಯೋಜನೆ, ಪಶ್ಚಿಮಘಟ್ಟದ ಕಾಡು ಇಂಥವುಗಳ ಬಗ್ಗೆ ಬಂದ ಇಂಗ್ಲಿಷ್ ಬರಹವನ್ನು ಓದುವಾಗ ಅರ್ಥ ಹುಡುಕುವ ಶ್ರಮ ಉಳಿದು ಗಮನವೆಲ್ಲ ಭಾಷೆಯ ಕಡೆಗೆ ಇರುತ್ತದೆ.

ತಪ್ಪನ್ನು ಬಿತ್ತುವುದು

ಜೊತೆಗಾರರು ಸಿಕ್ಕರೆ ಇಬ್ಬರೂ ಬೇರೆ ಬೇರೆ ಗದ್ಯಭಾಗ ಆರಿಸಿ, ತಪ್ಪುಗಳನ್ನು ಸೇರಿಸಿ, ಅದಲುಬದಲು ಮಾಡಿಕೊಳ್ಳಬೇಕು. ಒಟ್ಟು ಎಷ್ಟು ತಪ್ಪುಗಳಿವೆ ಎಂದು ಹೇಳಕೂಡದು. ನಡುನಡುವೆ ತಪ್ಪೇ ಇಲ್ಲದ ಗದ್ಯಭಾಗವನ್ನೂ ಕೊಡಬೇಕು. ಇಲ್ಲದಿದ್ದರೆ ಸರಿಯಾದದ್ದನ್ನೂ ಕೆಡಿಸುವ ಚಾಳಿ ಬೆಳೆಯುತ್ತದೆ. ಕೇಂದ್ರ ಸರ್ಕಾರದ ಹುದ್ದೆಗಳಿಗೆ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷ್‌ನ 25 ಪ್ರಶ್ನೆಗಳಿಗೆ 50 ಅಂಕಗಳಿದ್ದು, ಪ್ರತಿ ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತವಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ‘ತಪ್ಪಿಲ್ಲ’ ಎಂದು ಧೈರ್ಯವಾಗಿ ಹೇಳಲು ಕಲಿಯುವುದು ಎಷ್ಟು ಅಗತ್ಯ ಎಂದು ತಿಳಿಯುತ್ತದೆ.

ಒಬ್ಬರೇ ಕುಳಿತು ಅಭ್ಯಾಸ ಮಾಡುವವರಿಗೆ ಬೇರೆ ದಾರಿ ಇದೆ. ಗದ್ಯಭಾಗವನ್ನು ನಕಲು ಮಾಡುವಾಗ ಎಲ್ಲ ಆರ್ಟಿಕಲ್‌ಗಳನ್ನೂ (ಎ, ಆ್ಯನ್, ದಿ) ಬಿಟ್ಟು, ಕ್ರಿಯಾಪದಗಳನ್ನೆಲ್ಲ ಮೂಲರೂಪಕ್ಕಿಳಿಸಿ ಬರೆದು, ಮೂಲವನ್ನು ಬೇರೆಡೆ ಇಟ್ಟುಬಿಡಿ. ಒಂದು ವಾರದ ನಂತರ ಅದನ್ನು ತೆಗೆದು ಸರಿಪಡಿಸಿ, ಮೂಲದೊಂದಿಗೆ ಹೋಲಿಸಿ ನೋಡಿ. ಎಲ್ಲಿ ವ್ಯತ್ಯಾಸ ಬಂದಿದೆಯೋ ಅಲ್ಲಿ ಪಾಠವಿದೆ. ಮೂಲದಲ್ಲಿರುವುದೊಂದೇ ಸರಿ ಎಂದು ಭಾವಿಸಬೇಕಾಗಿಲ್ಲ. ನೀವು ಬರೆದದ್ದೂ ನಡೆಯುತ್ತದೆಯೇ ಎಂದು ಪರಿಶೀಲಿಸುವುದೇ ಮುಂದುವರಿದ ಕಲಿಕೆ.

ಮಾದರಿಗೊಂದು ಗದ್ಯಭಾಗ

ಕೆಳಗಿನ ಆರು ವಾಕ್ಯಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಅವನ್ನು ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು, ಮುಂದಿನ ವಿವರಣೆ ಓದುವ ಮೊದಲು ನೀವೇ ತಿದ್ದಿ ನೋಡಿ.

‘ಎವ್ರಿ ಇಯರ್, ಬಿಫೋರ್ ದಿ ಮಾನ್ಸೂನ್ ಸೆಟ್ಸ್ ಇನ್, ಅರೆಕಾನಟ್ ಗ್ರೋವರ್ಸ್ ಇನ್ ಮಲ್ನಾಡ್ ಸ್ಪ್ರೇ ಬೋರ್ಡೋ ಮಿಕ್ಸ್‌ಚರ್ ಆನ್ ದಿ ಬಂಚಸ್. ದಿ ಮಿಕ್ಸ್‌ಚರ್ ಆಫ್ ಕಾಪರ್ ಸಲ್ಫೇಟ್ ಅಂಡ್ ಸ್ಲೇಕ್ಡ್ ಲೈಮ್, ವಿಚ್ ಆರ್ ಪ್ರಿಪೇರ್ಡ್ ಸೆಪರೇಟ್ಲಿ ಅಂಡ್ ದೆನ್ ಕಂಬೈನ್ಡ್, ಪ್ರೊಟೆಕ್ಟ್ ದಿ ನಟ್ಸ್ ಫ್ರಮ್ ಫ್ರೂಟ್ ರಾಟ್. ಲಾಸ್ಟ್ ಇಯರ್ ಮೈ ಅಂಕಲ್ ಸ್ಪ್ರೇಡ್ ಓನ್ಲಿ ಒನ್ಸ್, ಅಂಡ್ ಬೈ ಸೆಪ್ಟೆಂಬರ್ ಹಾಫ್ ಆಫ್ ಹಿಸ್ ಕ್ರಾಪ್ ಹ್ಯಾಡ್ ಫಾಲನ್. ಹಿ ಹ್ಯಾಡ್ ದೆನ್ ಡಿಸೈಡೆಡ್ ನೆವರ್ ಟು ಸ್ಕಿಪ್ ದಿ ಸೆಕೆಂಡ್ ಸ್ಪ್ರೇ ಅಗೇನ್. ಆಲ್ದೋ ದಿ ಲೈಮ್ ಹಿ ಬೈಸ್ ಇನ್ ತೀರ್ಥಹಳ್ಳಿ ಈಸ್ ಕಾಸ್ಟ್ಲಿ, ಬಟ್ ಹಿ ನೆವರ್ ಬೈಸ್ ಎ ಚೀಪರ್ ಕೈಂಡ್. ದಿ ನೇಬರ್, ಹೂ ಈಸ್ ಆಲ್ಸೋ ಗ್ರೋವರ್, ಆಸ್ಕ್ಡ್ ಹಿಮ್ ಹೌ ಮಚ್ ಲೈಮ್ ಡಿಡ್ ಹಿ ಯೂಸ್.’

ಅಡಿಕೆಯ ಕೊಳೆರೋಗಕ್ಕೆ (ಫ್ರೂಟ್ ರಾಟ್) ಬೋರ್ಡೋ ಹೊಡೆಯುವ ಕೆಲಸ ತೋಟದವರಿಗೆಲ್ಲ ಗೊತ್ತಿದ್ದದ್ದೇ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ ಎಂಬ ಲೆಕ್ಕವೂ ಗೊತ್ತಿರುತ್ತದೆ. ಆ ತಿಳಿವಳಿಕೆ ಇಲ್ಲಿ ಒಂದು ಅಪಾಯವನ್ನೂ ತರುತ್ತದೆ: ವಿಷಯ ಪರಿಚಿತವಾದಷ್ಟೂ ಕಣ್ಣು ವೇಗವಾಗಿ ಓಡುತ್ತದೆ. ನುರಿತ ಓದುಗರ ಕಣ್ಣು ಪ್ರತಿಯೊಂದು ಪದದ ಮೇಲೂ ನಿಲ್ಲುವುದಿಲ್ಲ. ಆರ್ಟಿಕಲ್, ಪ್ರಿಪೊಸಿಷನ್‌ಗಳಂಥ ಪುಟ್ಟ ಪದಗಳನ್ನು ಆಗಾಗ ಹಾರಿಸಿಕೊಂಡು ಹೋಗುತ್ತದೆ. ತಪ್ಪುಗಳು ಅಡಗಿರುವುದು ಹೆಚ್ಚಾಗಿ ಅಲ್ಲಿಯೇ ಆದ್ದರಿಂದ, ಚೆನ್ನಾಗಿ ಓದಬಲ್ಲವರೇ ಅವನ್ನು ತಪ್ಪಿಸಿಕೊಳ್ಳುತ್ತಾರೆ. ಇದಕ್ಕೆ ಪರಿಹಾರವೆಂದರೆ ಒಂದೇ ಓದಿನಲ್ಲಿ ಎಲ್ಲವನ್ನೂ ಹುಡುಕದೆ, ಒಂದೊಂದು ಸುತ್ತಿನಲ್ಲಿ ಒಂದೊಂದನ್ನು ಮಾತ್ರ ನೋಡುವುದು.

ಮೊದಲ ಸುತ್ತು ಅರ್ಥಕ್ಕೆ ಮೀಸಲು. ಪೆನ್ನು ಮುಟ್ಟದೆ ಕೊನೆಯವರೆಗೆ ಓದಿ, ಘಟನೆ ಯಾವ ಕಾಲದ್ದು, ಯಾರು ಯಾರು ಬರುತ್ತಾರೆ, ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನಷ್ಟೇ ಮನಸ್ಸಿಗೆ ತಂದುಕೊಳ್ಳಬೇಕು.

ಎರಡನೆಯ ಸುತ್ತು ಕ್ರಿಯಾಪದಗಳದ್ದು, ಮತ್ತು ಹೆಚ್ಚು ಹೊತ್ತು ಬೇಡುವುದೂ ಇದೇ. ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆದು, ಅದರ ಕರ್ತೃಪದ ಯಾವುದೆಂದು ಬಾಣ ಹಾಕಿ ತೋರಿಸಬೇಕು. ಈ ಕೆಲಸವನ್ನು ಕೊನೆಯ ವಾಕ್ಯದಿಂದ ಆರಂಭಿಸಿ ಹಿಂದಕ್ಕೆ ಬರುತ್ತ ಮಾಡಿದರೆ ಕಥೆಯ ಓಟ ಕಣ್ಣನ್ನು ಎಳೆದುಕೊಂಡು ಹೋಗುವುದಿಲ್ಲ. ಮಾದರಿಯ ಎರಡನೆಯ ವಾಕ್ಯದಲ್ಲಿ ‘ಪ್ರೊಟೆಕ್ಟ್’ ಎಂಬುದಕ್ಕೆ ಕರ್ತೃ ‘ಮಿಕ್ಸ್‌ಚರ್’, ಅದು ಏಕವಚನ, ಆದ್ದರಿಂದ ‘ಪ್ರೊಟೆಕ್ಟ್ಸ್’ ಆಗಬೇಕು. ಇಲ್ಲಿ ಕನ್ನಡಿಗರು ಎಡವುವುದಕ್ಕೆ ತಕ್ಕ ಕಾರಣವಿದೆ. ಕನ್ನಡದಲ್ಲಿ ವಿಶೇಷಣಗಳೆಲ್ಲ ಮೊದಲು ಬಂದು ಮುಖ್ಯ ನಾಮಪದ ಕೊನೆಗೆ ನಿಲ್ಲುತ್ತದೆ. ‘ಮೈಲುತುತ್ತ ಮತ್ತು ಸುಣ್ಣಗಳ ಮಿಶ್ರಣ’ ಎಂದಾಗ ‘ಮಿಶ್ರಣ’ವೇ ಕೊನೆಯ ಪದವಾದ್ದರಿಂದ ಕ್ರಿಯಾಪದ ಯಾವುದಕ್ಕೆ ಹೊಂದಬೇಕೆಂಬ ಗೊಂದಲ ಹುಟ್ಟುವುದು ಅಪರೂಪ. ಇಂಗ್ಲಿಷ್‌ನಲ್ಲಿ ಮುಖ್ಯ ನಾಮಪದ ಮೊದಲೇ ಬಂದು, ಅದರ ವಿವರಣೆಯೆಲ್ಲ ಅದಕ್ಕೂ ಕ್ರಿಯಾಪದಕ್ಕೂ ನಡುವೆ ತುಂಬಿಕೊಳ್ಳುತ್ತದೆ. ಕ್ರಿಯಾಪದದ ಹತ್ತಿರ ಕಾಣುವ ಬಹುವಚನವನ್ನೇ ಕರ್ತೃವೆಂದು ಭ್ರಮಿಸುವುದು ಹೀಗೆ. ಅದೇ ವಾಕ್ಯದ ‘ಆರ್’ ಮಾತ್ರ ಸರಿಯಾಗಿದೆ, ಏಕೆಂದರೆ ಬೇರೆ ಬೇರೆಯಾಗಿ ಸಿದ್ಧವಾಗುವುದು ಮೈಲುತುತ್ತ ಮತ್ತು ಸುಣ್ಣ ಎಂಬ ಎರಡು ವಸ್ತುಗಳು. ಅವಸರದಲ್ಲಿ ಅದನ್ನೂ ‘ಈಸ್’ ಎಂದು ತಿದ್ದಿದವರು ಒಂದನ್ನು ಸರಿಪಡಿಸಿ ಇನ್ನೊಂದನ್ನು ಕೆಡಿಸಿದಂತಾಯಿತು.

ಕಾಲದ ಹೊಂದಾಣಿಕೆಯನ್ನು ಮಾತ್ರ ಮೊದಲ ವಾಕ್ಯದಿಂದ ಕೊನೆಯವರೆಗೆ, ಅಂದರೆ ಸಹಜ ಕ್ರಮದಲ್ಲಿಯೇ ನೋಡಬೇಕು. ಮೂರನೆಯ ವಾಕ್ಯದ ‘ಹ್ಯಾಡ್ ಫಾಲನ್’ ಸರಿ: ಸೆಪ್ಟೆಂಬರ್ ಎಂಬ ಗಡಿಯನ್ನು ಹಾಕಿ, ಅದರೊಳಗೆ ಮುಗಿದುಹೋದ ಸಂಗತಿಯನ್ನು ಅದು ಹೇಳುತ್ತದೆ. ನಾಲ್ಕನೆಯ ವಾಕ್ಯದ ‘ಹ್ಯಾಡ್ ದೆನ್ ಡಿಸೈಡೆಡ್’ ತಪ್ಪು, ಏಕೆಂದರೆ ನಿರ್ಧಾರ ಮಾಡಿದ್ದು ಬೆಳೆ ಉದುರಿದ ನಂತರ. ‘ದೆನ್ ಡಿಸೈಡೆಡ್’ ಎಂದರೆ ಸಾಕು. ಮೇಲ್ನೋಟಕ್ಕೆ ಒಂದೇ ಅಚ್ಚಿನ ಎರಡು ರೂಪಗಳಲ್ಲಿ ಒಂದು ಸರಿ, ಒಂದು ತಪ್ಪು. ಇಂತಹ ಜೋಡಿಯನ್ನು ಬಿಡಿ ವಾಕ್ಯಗಳ ಅಭ್ಯಾಸ ಎಂದಿಗೂ ಕೊಡಲಾರದು.

ಮೂರನೆಯ ಸುತ್ತಿನಲ್ಲಿ ನಾಮಪದಗಳನ್ನು ನೋಡಬೇಕು. ಪ್ರತಿ ನಾಮಪದದ ಮುಂದೆ ನಿಂತು ಎರಡು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಎಣಿಸಬಹುದೇ? ಓದುಗನಿಗೆ ಇದು ಈಗಾಗಲೇ ಪರಿಚಯವಾಗಿದೆಯೇ? ಕೊನೆಯ ವಾಕ್ಯದ ‘ಗ್ರೋವರ್’ ಎಣಿಸಬಹುದಾದ ಏಕವಚನ, ಆದ್ದರಿಂದ ‘ಎ ಗ್ರೋವರ್’. ಇದನ್ನು ಹೆಚ್ಚಿನವರು ಹಿಡಿಯುತ್ತಾರೆ. ಅದೇ ವಾಕ್ಯದ ಮೊದಲ ಪದವನ್ನು ಹಿಡಿಯುವವರು ಕಡಿಮೆ. ಪಕ್ಕದ ತೋಟದವರು ಈ ಗದ್ಯಭಾಗದಲ್ಲಿ ಅದುವರೆಗೆ ಎಲ್ಲಿಯೂ ಬಂದಿಲ್ಲ, ಹಾಗಾಗಿ ‘ದಿ ನೇಬರ್’ ಬದಲು ‘ಎ ನೇಬರ್’ ಎಂದೇ ಆರಂಭಿಸಬೇಕು. ಎರಡನೆಯ ವಾಕ್ಯದ ‘ದಿ ಮಿಕ್ಸ್‌ಚರ್’ ಸರಿಯಾಗಿರುವುದು ಮೊದಲ ವಾಕ್ಯದಲ್ಲಿ ಅದರ ಪ್ರಸ್ತಾಪ ಬಂದಿರುವುದರಿಂದ. ಎಣಿಕೆಯ ವಿಷಯದಲ್ಲಿ ನಮಗೆ ಇನ್ನೊಂದು ತೊಡಕಿದೆ: ಸಲಹೆಗಳು, ಉಪಕರಣಗಳು, ಪೀಠೋಪಕರಣಗಳು ಎನ್ನುವುದು ಕನ್ನಡದಲ್ಲಿ ಸರಾಗ, ಆದರೆ ‘ಅಡ್ವೈಸ್’, ‘ಎಕ್ವಿಪ್‌ಮೆಂಟ್’, ‘ಫರ್ನಿಚರ್’ ಪದಗಳಿಗೆ ಇಂಗ್ಲಿಷ್‌ನಲ್ಲಿ ಆ ಅರ್ಥದ ಬಹುವಚನವಿಲ್ಲ. ಕಲಿಯುವವರಿಗಾಗಿಯೇ ಸಿದ್ಧಪಡಿಸಿದ ನಿಘಂಟುಗಳಲ್ಲಿ ಯಾವ ಪದ ಎಣಿಸುವಂಥದ್ದು, ಯಾವುದು ಅಲ್ಲ ಎಂದು ಗುರುತು ಹಾಕಿರುತ್ತಾರೆ. ಅನುಮಾನ ಬಂದಾಗಲೆಲ್ಲ ಅದನ್ನು ತೆರೆದು ನೋಡಬೇಕು.

ಕೊನೆಯ ಸುತ್ತು ಪ್ರಿಪೊಸಿಷನ್, ಜೋಡಣೆಯ ಪದ ಮತ್ತು ಪದಕ್ರಮಕ್ಕೆ. ಐದನೆಯ ವಾಕ್ಯದಲ್ಲಿ ‘ಆಲ್ದೋ’ ಇದ್ದ ಮೇಲೆ ‘ಬಟ್’ ಬೇಡ, ‘ದುಬಾರಿಯಾದರೂ’ ಎಂದ ಮೇಲೆ ‘ಆದರೆ’ ಬೇಡವಾದ ಹಾಗೆಯೇ. ಆರನೆಯ ವಾಕ್ಯದಲ್ಲಿ ಪರೋಕ್ಷ ಪ್ರಶ್ನೆಯಿದ್ದು, ‘ಹೌ ಮಚ್ ಲೈಮ್ ಹಿ ಯೂಸ್ಡ್’ ಎಂದಾಗಬೇಕು. ‘ಎಷ್ಟು ಸುಣ್ಣ ಹಾಕಿದೆ ಎಂದು ಕೇಳಿದ’ ಎನ್ನುವಾಗ ಕನ್ನಡ ಪ್ರಶ್ನೆಯನ್ನು ಇದ್ದ ಹಾಗೇ ಉಳಿಸಿಕೊಳ್ಳುತ್ತದೆ, ಇಂಗ್ಲಿಷ್ ಅದರ ಪದಕ್ರಮವನ್ನು ಬದಲಿಸುತ್ತದೆ. ಮಾದರಿಯಲ್ಲಿ ಇಲ್ಲದ, ಆದರೆ ನಮ್ಮ ಬರಹದಲ್ಲಿ ಸದಾ ಕಾಣುವ ಇನ್ನೂ ಕೆಲವು ಇವೆ: ‘ಡಿಸ್ಕಸ್ ಅಬೌಟ್’, ‘ರಿಟರ್ನ್ ಬ್ಯಾಕ್’, ‘ಕೋಪ್ ಅಪ್ ವಿತ್’ (ಈ ಮೂರರಲ್ಲಿ ‘ಅಬೌಟ್’, ‘ಬ್ಯಾಕ್’, ‘ಅಪ್’ ಬೇಡ), ‘ಸಿನ್ಸ್ ಟೂ ಇಯರ್ಸ್’. ಸೋಮವಾರದಿಂದ, ಎರಡು ವರ್ಷದಿಂದ ಎಂದು ಎರಡು ಕಡೆಯೂ ನಾವು ಒಂದೇ ಪ್ರತ್ಯಯ ಹಚ್ಚುತ್ತೇವೆ; ಇಂಗ್ಲಿಷ್ ಆರಂಭದ ಬಿಂದುವಿಗೆ ‘ಸಿನ್ಸ್’, ಅವಧಿಗೆ ‘ಫಾರ್’ ಬಳಸುತ್ತದೆ. ಮಾದರಿಯಲ್ಲಿ ಹೀಗೆ ಒಟ್ಟು ಆರು ತಪ್ಪುಗಳು. ಮೊದಲ ಮತ್ತು ಮೂರನೆಯ ವಾಕ್ಯಗಳಲ್ಲಿ ಒಂದೂ ಇಲ್ಲ.

ತಿದ್ದುವುದಕ್ಕೆ ಮಿತಿ

ತಪ್ಪನ್ನು ಸರಿಪಡಿಸಲು ಬೇಕಾದಷ್ಟನ್ನು ಮಾತ್ರ ಬದಲಿಸಬೇಕು. ವಾಕ್ಯ ಇನ್ನೂ ಚೆನ್ನಾಗಿರಬಹುದಿತ್ತು ಎನಿಸಿದರೆ ಅದು ಶೈಲಿಯ ವಿಚಾರ, ಈ ಅಭ್ಯಾಸಕ್ಕೆ ಸಂಬಂಧಿಸಿದ್ದಲ್ಲ. ಬ್ರಿಟಿಷ್ ಮತ್ತು ಅಮೆರಿಕನ್ ಬಳಕೆಗಳ ವ್ಯತ್ಯಾಸವನ್ನೂ ತಪ್ಪೆಂದು ಎಣಿಸಬಾರದು. ‘ಗವರ್ನ್‌ಮೆಂಟ್’ ಪದವನ್ನು ಬಹುವಚನದ ಕ್ರಿಯಾಪದದೊಂದಿಗೆ ಬ್ರಿಟಿಷರು ಬರೆದರೆ ಅದು ಅವರ ರೂಢಿ. ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಪ್ರಿಪೋನ್’ ಈಗ ನಿಘಂಟುಗಳಲ್ಲಿಯೂ ಇದೆ. ಪ್ರತಿ ತಿದ್ದುಪಡಿಯ ಪಕ್ಕದಲ್ಲಿ ಕಾರಣವನ್ನು ಕನ್ನಡದಲ್ಲಿಯೇ ಒಂದು ಸಾಲಿನಲ್ಲಿ ಬರೆಯಿರಿ. ಕಾರಣ ಬರೆಯಲಾಗದಿದ್ದರೆ ತಿದ್ದುಪಡಿ ಸರಿಯಾಗಿದ್ದರೂ ಅದಕ್ಕೆ ಅಂಕ ಕೊಟ್ಟುಕೊಳ್ಳಬೇಡಿ. ‘ಕಿವಿಗೆ ಸರಿ ಕೇಳಲಿಲ್ಲ’ ಎಂಬ ಕಾರಣವನ್ನು ನಾನಂತೂ ಒಪ್ಪುವುದಿಲ್ಲ. ನಮ್ಮ ಕಿವಿ ಪಳಗಿರುವುದು ನಮ್ಮ ಸುತ್ತಲಿನ ಇಂಗ್ಲಿಷ್‌ಗೆ, ಅದರಲ್ಲಿ ‘ಡಿಸ್ಕಸ್ ಅಬೌಟ್’ ಕೂಡ ಇಂಪಾಗಿಯೇ ಕೇಳುತ್ತದೆ.

ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡುವವರು ವ್ಯಾಕರಣ ಪರೀಕ್ಷಿಸುವ ಸೌಲಭ್ಯವನ್ನು ಮೊದಲು ಆಫ್ ಮಾಡಬೇಕು, ನಾಲ್ಕೂ ಸುತ್ತು ಮುಗಿದ ಮೇಲೆ ಬೇಕಾದರೆ ಆನ್ ಮಾಡಿ ಹೋಲಿಸಬಹುದು. ‘ಫ್ರಮ್’ ಬದಲು ‘ಫಾರ್ಮ್’ ಎಂದು ಟೈಪಾದರೆ ಬರಿಯ ಸ್ಪೆಲ್ಲಿಂಗ್ ನೋಡುವ ತಂತ್ರಾಂಶಕ್ಕೆ ಎರಡೂ ಸರಿಯಾದ ಪದಗಳೇ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ಊರುಗಳವರಿಗೆ ಕಾಗದ, ಪೆನ್ಸಿಲ್ಲೇ ಅನುಕೂಲ ಎಂದು ಬೇರೆ ಹೇಳಬೇಕಿಲ್ಲ.

ತಪ್ಪಿನ ಲೆಕ್ಕ

ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಮೂರು ಅಂಕಣ ಹಾಕಿಕೊಳ್ಳಿ: ಹಿಡಿದದ್ದು, ಬಿಟ್ಟುಹೋದದ್ದು, ಸರಿಯಿದ್ದದ್ದನ್ನು ಕೆಡಿಸಿದ್ದು. ಪ್ರತಿಯೊಂದರ ಮುಂದೆ ಅದು ಕ್ರಿಯಾಪದದ್ದೋ, ಆರ್ಟಿಕಲ್‌ದ್ದೋ, ಪ್ರಿಪೊಸಿಷನ್‌ದ್ದೋ ಎಂದು ಬರೆಯಬೇಕು. ಮೂರನೆಯ ಅಂಕಣ ಬೆಳೆಯುತ್ತಿದ್ದರೆ ತಪ್ಪಿಲ್ಲದ ಗದ್ಯಭಾಗಗಳನ್ನು ಹೆಚ್ಚಿಸಬೇಕು. ಎರಡನೆಯದರಲ್ಲಿ ಒಂದೇ ಬಗೆ ಮತ್ತೆ ಮತ್ತೆ ಬಂದರೆ, ಮುಂದಿನ ಗದ್ಯಭಾಗದಲ್ಲಿ ಅದನ್ನೇ ಹೆಚ್ಚು ಬಿತ್ತುವಂತೆ ಜೊತೆಗಾರರಿಗೆ ಹೇಳಬೇಕು.

ಇಂಗ್ಲಿಷ್ ಪ್ರಾವೀಣ್ಯವನ್ನು ಅಳೆಯುವ ಕೇಂಬ್ರಿಜ್‌ನ ಅಡ್ವಾನ್ಸ್‌ಡ್ ಪರೀಕ್ಷೆಯಲ್ಲಿ ಮೊದಲು ಗದ್ಯಭಾಗ ತಿದ್ದುವ ಪ್ರತ್ಯೇಕ ವಿಭಾಗವಿತ್ತು; 2008ರ ಡಿಸೆಂಬರ್‌ನಿಂದ ಅದನ್ನು ಕೈಬಿಟ್ಟರು. ಆ ಹಳೆಯ ಅಭ್ಯಾಸ ಪುಸ್ತಕಗಳು ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಸಿಕ್ಕರೆ ಬಿಡಬೇಡಿ, ಅವುಗಳಲ್ಲಿ ಕೆಲವು ಸಾಲುಗಳನ್ನು ಬೇಕೆಂದೇ ತಪ್ಪಿಲ್ಲದೆ ಉಳಿಸಿರುತ್ತಾರೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ 300 ಅಂಕಗಳ ಕಡ್ಡಾಯ ಇಂಗ್ಲಿಷ್ ಪತ್ರಿಕೆಗೆ ಓದುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಅಲ್ಲಿ ಶೇ 25 ಅಂಕ ಬಂದರೆ ಸಾಕಾದರೂ ಪ್ರಬಂಧ, ಸಾರಾಂಶಗಳನ್ನು ಸ್ವಂತವಾಗಿ ಬರೆಯಬೇಕಾಗುತ್ತದೆ. ತಾವು ಬರೆದ ಪ್ರಬಂಧವನ್ನು ಒಂದು ವಾರ ಮುಚ್ಚಿಟ್ಟು, ಬೇರೆಯವರದೆಂಬಂತೆ ಇದೇ ನಾಲ್ಕು ಸುತ್ತುಗಳಲ್ಲಿ ಓದಿ, ಅದರ ತಪ್ಪುಗಳನ್ನೂ ಅದೇ ಮೂರು ಅಂಕಣಗಳಿಗೆ ಸೇರಿಸಿಕೊಳ್ಳಬೇಕು.